ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೊರಡುವುದು

ಮುಂಬೈಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಅಣ್ಣ ತಮ್ಮಂದಿರಿಬ್ಬರು ಆರು ವರ್ಷ ಒಂದೇ ಆರಾಧನೆಗೆ ಬಂದು, ಒಂದೇ ಪುಸ್ತಕದ ಹಾಡು ಹಾಡಿ, ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋಗುತ್ತಿದ್ದರು. ಅಣ್ಣ ಬಲಗಡೆಯ ಮುಂದಿನ ಬೆಂಚಿನಲ್ಲಿ, ತಮ್ಮ ಹಿಂದೆ ಬಾಗಿಲ ಹತ್ತಿರ. ತಿಂಗಳ ಮೊದಲ ಭಾನುವಾರ, ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಕರೆ ಬಂದಾಗ ತಮ್ಮ ಮೆಲ್ಲನೆ ಎದ್ದು ಹೊರಗೆ ಹೋಗಿ, ಚಪ್ಪಲಿ ಬಿಡುವ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದ. ಅವನು ಏಕೆ ಎದ್ದು ಹೋಗುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಜಗಳದ ಕಾರಣ ಈ ಊರಿನಲ್ಲಿ ಯಾರಿಗೂ ಹೊಸದಲ್ಲ. ಬೀದರ್ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ತಂದೆ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಹಳೆಯ ಕಟ್ಟಡದಲ್ಲಿ, ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಖೋಲಿ ಮಾಡಿಕೊಂಡಿದ್ದರು. ಅವರ ಕೊನೆಗಾಲದಲ್ಲಿ ಕಾಗದಪತ್ರಗಳು ಅಣ್ಣನ ಹೆಸರಿಗಾದವು. ಆಸ್ಪತ್ರೆಯ ಖರ್ಚು ಮಾತ್ರ ತಮ್ಮನ ಮೇಲೆ ಬಿತ್ತು. ಚಾಳು ರೀಡೆವಲಪ್‌ಮೆಂಟಿಗೆ ಹೋಗುತ್ತದೆ, ಕೆಡವಿ ಹೊಸ ಕಟ್ಟಡ ಕಟ್ಟುತ್ತಾರೆ ಎಂಬ ಸುದ್ದಿ ಬರುವ ತನಕ ಇಬ್ಬರೂ ಲೆಕ್ಕದ ಮಾತೆತ್ತಿರಲಿಲ್ಲ. ಸುದ್ದಿ ಬಂದ ಮೇಲೆ ಬೇರೆ ಮಾತೇ ಉಳಿಯಲಿಲ್ಲ.

ಒಂದು ಕ್ರಿಸ್ಮಸ್ ದಿನ ಸಭೆಯ ಹಿರಿಯರೆಲ್ಲ ಸೇರಿ, ನಾನೂ ಅವರಲ್ಲಿ ಒಬ್ಬ, ಇಬ್ಬರನ್ನೂ ಮುಂದೆ ಕರೆದು ನಿಲ್ಲಿಸಿದೆವು. "ಹಿಂದಿನದೆಲ್ಲ ಹೋಗಲಿ ಬಿಡಿ, ಹಬ್ಬದ ದಿನ ಕೈ ಹಿಡಿಯಿರಿ" ಎಂದೆವು. ಅವರು ಕೈ ಹಿಡಿದರು, ನಾವು ಚಪ್ಪಾಳೆ ತಟ್ಟಿದೆವು. ಫೆಬ್ರವರಿಯಲ್ಲಿ ತಮ್ಮನಿಂದ ಅಣ್ಣನಿಗೆ ವಕೀಲರ ನೋಟಿಸು ಹೋಯಿತು. ಎಲ್ಲರೆದುರು ಕೈ ಹಿಡಿದಾದ ಮೇಲೂ ಲೆಕ್ಕ ಕೇಳಿದನಲ್ಲ ಎಂದು ಜನ ತಮ್ಮನನ್ನೇ ಆಡಿಕೊಂಡರು. ನಾವು ಮಾಡಿದ ಕೆಲಸದಿಂದ ಅವನ ಗಾಯ ಇನ್ನೂ ಆಳವಾಗಿತ್ತು. ಅಂದಿನಿಂದ ಈ ವಿಷಯವನ್ನು ಸರಿಯಾಗಿ ಓದಿಕೊಳ್ಳಬೇಕು ಎಂದು ನನಗೆ ಅನ್ನಿಸಿತು. ಓದಿದ್ದನ್ನು, ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಡಕು ನಮ್ಮ ಮಾತಿನಿಂದಲೇ ಶುರುವಾಗುತ್ತದೆ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ಬೆಟ್ಟದ ಮೇಲೆ ಕುಳಿತು ಸಮಾಧಾನಪಡಿಸುವವರು ಧನ್ಯರು ಎನ್ನುತ್ತಾನೆ. ಕನ್ನಡದಲ್ಲಿ ನಾವು ಅಳುವ ಮಗುವನ್ನು ಸಮಾಧಾನ ಮಾಡುತ್ತೇವೆ, ಸಾವಿನ ಮನೆಗೆ ಹೋಗಿ ಸಮಾಧಾನ ಹೇಳುತ್ತೇವೆ, ಸಿಟ್ಟಿಗೆದ್ದವರಿಗೆ ಸಮಾಧಾನ ತಂದುಕೊಳ್ಳಿ ಎನ್ನುತ್ತೇವೆ. ಎಲ್ಲ ಕಡೆಯೂ ಅರ್ಥ ಒಂದೇ: ಕುದಿಯುವುದನ್ನು ತಣ್ಣಗೆ ಮಾಡುವುದು. ಹೀಗಾಗಿ ಆ ವಚನವನ್ನು ಓದುವಾಗಲೂ ನಮ್ಮ ಮನಸ್ಸಿನಲ್ಲಿ ಸದ್ದು ಅಡಗಿಸುವವನ ಚಿತ್ರವೇ ಮೂಡುತ್ತದೆ. ಆದರೆ ಗ್ರೀಕ್ ಮೂಲದಲ್ಲಿರುವುದು ಶಾಂತಿ ಮತ್ತು ಮಾಡು ಎಂಬ ಎರಡು ಪದಗಳು ಕೂಡಿ ಆದ ಒಂದು ಪದ. ಕುಂಬಾರ ಮಡಕೆ ಮಾಡುವ ಹಾಗೆ ಇಲ್ಲದ್ದನ್ನು ಮಾಡುವವನು ಎಂದು ಅದರ ಅರ್ಥ. ಅದರ ಹಿಂದಿರುವ ಹೀಬ್ರೂ ಪದ ಶಾಲೋಮ್. ಮುರಿಯದೆ ಇಡಿಯಾಗಿರುವುದು, ಏನೂ ಕೊರತೆಯಾಗದಿರುವುದು ಎಂದು ಅದರ ತಿರುಳು. ಅದೇ ಧಾತುವಿನಿಂದ ಬಂದ ಇನ್ನೊಂದು ಕ್ರಿಯಾಪದಕ್ಕೆ ನಷ್ಟ ತುಂಬಿಕೊಡುವುದು ಎಂಬ ಅರ್ಥವಿದೆ. ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿ, ಎತ್ತು ಕದ್ದವನು ಏನು ಕೊಡಬೇಕು, ಇನ್ನೊಬ್ಬನ ಹೊಲ ಮೇಯಿಸಿದವನು ಏನು ಕೊಡಬೇಕು ಎಂದು ಹೇಳುವಾಗ ಮತ್ತೆ ಮತ್ತೆ ಬರುವುದು ಆ ಪದವೇ. ಅಂದರೆ ಬೈಬಲಿನ ಕಿವಿಗೆ ಸಮಾಧಾನದ ಪಕ್ಕದಲ್ಲಿಯೇ ತೀರಿಸಬೇಕಾದ ಬಾಕಿಯ ಸದ್ದೂ ಕೇಳಿಸುತ್ತದೆ. ನಮ್ಮ ಪದವೂ ಮೂಲದಲ್ಲಿ ಅಷ್ಟು ಬಡವಾಗಿರಲಿಲ್ಲ. ಸಂಧಾನ, ಸಮಾಧಾನ ಎರಡೂ 'ಧಾ' ಎಂಬ ಒಂದೇ ಧಾತುವಿನಿಂದ ಬಂದವು, ಕೂಡಿಸಿ ಇಡುವುದು ಎಂದು ಅವುಗಳ ಮೂಲಾರ್ಥ. ಬಳಕೆಯಲ್ಲಿ ನಾವೇ ಅದನ್ನು ತೆಳ್ಳಗೆ ಮಾಡಿಕೊಂಡೆವು.

ಪ್ರವಾದಿ ಯೆರೆಮೀಯನು ತನ್ನ ಕಾಲದ ಧರ್ಮಗುರುಗಳ ಮೇಲೆ ಹೊರಿಸಿದ ದೂರು ಇದೇ. ಜನರ ಗಾಯವನ್ನು ಮೇಲೆ ಮೇಲೆ ವಾಸಿಮಾಡಿ, ಸಮಾಧಾನವಿಲ್ಲದಿರುವಾಗ "ಸಮಾಧಾನ, ಸಮಾಧಾನ" ಎನ್ನುತ್ತಾರೆ ಎಂದು ಅವನು ಎರಡು ಕಡೆ, 6ನೆಯ ಮತ್ತು 8ನೆಯ ಅಧ್ಯಾಯಗಳಲ್ಲಿ, ಹೇಳುತ್ತಾನೆ. ಕೀವು ಒಳಗಿಟ್ಟು ಪಟ್ಟಿ ಕಟ್ಟುವ ಕೆಲಸ ಅದು. ನಾವು ಆ ಕ್ರಿಸ್ಮಸ್ ದಿನ ಮಾಡಿದ್ದೂ ಅದನ್ನೇ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಯಾರು ಮೊದಲು ಹೋಗಬೇಕು ಎಂಬಲ್ಲಿಂದ. ಅದೇ 5ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಮಾತು ವಿಚಿತ್ರವಾಗಿದೆ. ನೀನು ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಿರುವಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನ ಸಂಗಡ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು. ಗಮನಿಸಬೇಕಾದ ಸಂಗತಿ, ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದು ಅವನು ಹೇಳುವುದಿಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಎನ್ನುತ್ತಾನೆ. ಕೇಳುತ್ತಿದ್ದವರು ಗಲಿಲಾಯದ ಜನ. ವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಲ್ಲಿಂದ ಲೋಣಾವಳದ ಘಟ್ಟ ದಾಟಿ ಪುಣೆಯ ಕಡೆಗೆ ಅಷ್ಟು ದೂರ ಕಾಲ್ನಡಿಗೆಯಲ್ಲಿ ಹೋದವನಿಗೆ, ದೇವಾಲಯದ ಬಾಗಿಲಲ್ಲಿ ನಿಂತಾಗ, ಕಾಣಿಕೆ ಬಿಟ್ಟು ತಿರುಗಿ ಮುಂಬೈಗೆ ನಡೆ, ಅಣ್ಣನ ಹತ್ತಿರ ಮಾತಾಡಿ ಮತ್ತೆ ಬಾ ಎಂದು ಹೇಳಿದರೆ ಹೇಗಿರುತ್ತದೆ? ಕೇಳಿದವರ ಕಾಲುಗಳು ಆ ದೂರವನ್ನು ಬಲ್ಲವು.

ಅದೇ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಮಾತು ತಿರುಗಿ ಇನ್ನೊಬ್ಬನ ಕಡೆಗೆ ಬರುತ್ತದೆ. ನಿನ್ನ ಸಹೋದರ ನಿನಗೆ ತಪ್ಪು ಮಾಡಿದರೆ ನೀನೇ ಹೋಗು. ಒಂದು ಕಡೆ ನೋಯಿಸಿದವನಿಗೆ ಹೋಗು ಎಂದಿದೆ, ಇನ್ನೊಂದು ಕಡೆ ನೊಂದವನಿಗೆ ಹೋಗು ಎಂದಿದೆ. ಇಬ್ಬರೂ ಮಾತು ಕೇಳಿದರೆ ನಡುದಾರಿಯಲ್ಲಿ ಎದುರಾಗುತ್ತಾರೆ. ಅವನೇ ಮೊದಲು ಬರಲಿ ಎಂದು ಕಾಯಲು ಯಾರಿಗೂ ಇಲ್ಲಿ ಸ್ಥಳವಿಲ್ಲ.

18ನೆಯ ಅಧ್ಯಾಯದ ಆ ಮೂರು ವಚನಗಳನ್ನು ಕ್ರೈಸ್ತ ಸಭೆಗಳಲ್ಲಿ ಜಗಳ ಬಂದಾಗಲೆಲ್ಲ ಎತ್ತಿ ತೋರಿಸುತ್ತಾರೆ. ಮೊದಲು ನೀನೂ ಅವನೂ ಇಬ್ಬರೇ ಇರುವಾಗ ತಪ್ಪನ್ನು ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಎರಡು ಮೂರು ಸಾಕ್ಷಿಗಳು ಬೇಕೆಂಬ ನಿಯಮ ಧರ್ಮೋಪದೇಶಕಾಂಡದ 19ನೆಯ ಅಧ್ಯಾಯದಿಂದ ಬಂದದ್ದು. ಅಲ್ಲಿ ಅದು ಒಬ್ಬನ ಬಾಯಿಮಾತಿನಿಂದ ಯಾರಿಗೂ ಶಿಕ್ಷೆಯಾಗದಿರಲಿ ಎಂದು ಇಟ್ಟ ರಕ್ಷಣೆ. ಹೀಗಾಗಿ ಜೊತೆಗೆ ಹೋಗುವ ಒಬ್ಬಿಬ್ಬರು ನಿನ್ನ ಕಡೆಯ ಬಲ ತೋರಿಸಲು ಹೋಗುವವರಲ್ಲ. ನಿನ್ನ ಮಾತೇ ತಪ್ಪಾಗಿದ್ದರೆ ಅಲ್ಲಿಯೇ ಹೇಳಬಲ್ಲವರಾಗಿರಬೇಕು.

ಈ ಕ್ರಮವನ್ನು ಇಂದು ನಾವು ತಲೆಕೆಳಗು ಮಾಡಿಕೊಂಡಿದ್ದೇವೆ. ಮೊದಲು ವಾಟ್ಸ್ಆಪ್ ಗುಂಪಿನಲ್ಲಿ ಹೆಸರು ಹೇಳದೆ ಒಂದು ವಚನ ಹಾಕುತ್ತೇವೆ, ಯಾರಿಗೆ ಹಾಕಿದ್ದು ಎಂದು ಎಲ್ಲರಿಗೂ ತಿಳಿಯುವ ಹಾಗೆ. ಆಮೇಲೆ ಲೋಕಲ್ ರೈಲಿನಲ್ಲಿ ಜೊತೆಯವರಿಗೆ ಹೇಳುತ್ತೇವೆ. ಆಮೇಲೆ ಸಭಾಪಾಲಕರಿಗೆ ದೂರು. ತಪ್ಪು ಮಾಡಿದವರ ಮನೆಯ ಬಾಗಿಲು ತಟ್ಟುವುದು ಮಾತ್ರ ಕೊನೆಗೂ ಆಗುವುದಿಲ್ಲ. ಇಬ್ಬರೇ ಇರುವಾಗ ಎಂಬ ಎರಡು ಪದಗಳಲ್ಲಿ ತುಂಬ ಕರುಣೆಯಿದೆ. ಹತ್ತು ಜನರ ಮುಂದೆ ತಪ್ಪು ಒಪ್ಪಿಕೊಳ್ಳುವುದಕ್ಕೆ ಮರ್ಯಾದೆ ಬಿಡಬೇಕು, ಇಬ್ಬರೇ ಇದ್ದಾಗ ಹಟ ಬಿಟ್ಟರೆ ಸಾಕು.

ಮೂರನೆಯ ಮೆಟ್ಟಿಲೂ ಸೋತರೆ ಅವನು ನಿನಗೆ ಅನ್ಯನಂತೆಯೂ ಸುಂಕದವನಂತೆಯೂ ಇರಲಿ ಎಂದಿದೆ. ಸುಂಕ ವಸೂಲಿ ಮಾಡುವವರನ್ನು ಆ ಕಾಲದ ಜನ ಪಾಪಿಗಳೆಂದು ದೂರವಿಡುತ್ತಿದ್ದರು. ಇದನ್ನು ಓದಿ ಸಂಬಂಧ ಕಡಿದುಕೊಂಡವರನ್ನು ನಾನು ನೋಡಿದ್ದೇನೆ. ಆದರೆ ಈ ಸುವಾರ್ತೆಗೆ ಯಾರ ಹೆಸರಿದೆಯೋ ಆ ಮತ್ತಾಯನೇ ಸುಂಕದವನು. ಯೇಸು ಅವನನ್ನು ಸುಂಕದ ಕಟ್ಟೆಯಿಂದ ಕರೆದು, ಅವನ ಜೊತೆಯವರ ಪಂಕ್ತಿಯಲ್ಲಿ ಊಟಕ್ಕೆ ಕುಳಿತ. ಅಧ್ಯಾಯದಲ್ಲಿ ಈ ಮಾತಿನ ಹಿಂದೆ ತಪ್ಪಿಸಿಕೊಂಡ ಕುರಿಯ ಕಥೆಯಿದೆ, ಮುಂದೆ ಸಾಲ ಬಿಡದ ಸೇವಕನ ಕಥೆಯಿದೆ. ಸಭೆಯ ಸದಸ್ಯನೆಂದು ನಡೆಸಿಕೊಳ್ಳಲಾಗದಿದ್ದರೂ, ಹುಡುಕಿಕೊಂಡು ಹೋಗಬೇಕಾದವನು ಎಂದು ಅವನನ್ನು ಎಣಿಸು ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಹೋಗುವ ಮೊದಲು ಒಂದು ಕೆಲಸವಿದೆ, ಮತ್ತಾಯನ 7ನೆಯ ಅಧ್ಯಾಯದ ತೊಲೆ ಮತ್ತು ರವೆಯ ಮಾತು: ಸಹೋದರನ ಕಣ್ಣಿನ ರವೆ ತೆಗೆಯುವ ಮೊದಲು ನಿನ್ನ ಕಣ್ಣಿನ ತೊಲೆ ತೆಗೆದುಹಾಕು. ಅದು ಎಲ್ಲರಿಗೂ ಬಾಯಿಪಾಠ, ಹೆಚ್ಚು ವಿವರಿಸಬೇಕಿಲ್ಲ. ನನ್ನ ಅನುಭವದ ಒಂದು ಪರೀಕ್ಷೆಯನ್ನು ಮಾತ್ರ ಹೇಳುತ್ತೇನೆ: ನಿಮ್ಮ ತಪ್ಪೊಪ್ಪಿಗೆಯಲ್ಲಿ 'ಆದರೆ' ಎಂಬ ಪದ ಬಂದರೆ ತೊಲೆ ಇನ್ನೂ ಅಲ್ಲಿಯೇ ಇದೆ. ಲೂಕನ 19ನೆಯ ಅಧ್ಯಾಯದಲ್ಲಿ ಬರುವ ಸುಂಕದವರ ಮುಖ್ಯಸ್ಥ ಜಕ್ಕಾಯನನ್ನು ನೋಡಿ. ಯಾರಿಂದಲಾದರೂ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎನ್ನುತ್ತಾನೆ. ಆ ಒಪ್ಪಿಗೆಯಲ್ಲಿ ಒಂದು ಸಂಖ್ಯೆಯಿದೆ.

ಜಗಳ ಇಬ್ಬರ ನಡುವೆ ಅಲ್ಲದೆ ಎರಡು ಗುಂಪುಗಳ ನಡುವೆ ಎದ್ದಾಗ ಏನು ಮಾಡಬೇಕು? ಇದಕ್ಕೆ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ ಮುಂಬೈಯ ಕನ್ನಡಿಗರಿಗೆಂದೇ ಬರೆದಂತಿದೆ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಎರಡು ಭಾಷೆಯ ಯೆಹೂದ್ಯರಿದ್ದರು. ಸ್ಥಳೀಯ ಭಾಷೆಯವರು ಒಂದು ಕಡೆ, ಹೊರನಾಡುಗಳಲ್ಲಿ ಬೆಳೆದು ಗ್ರೀಕ್ ಮಾತಾಡುವವರು ಇನ್ನೊಂದು ಕಡೆ. ದಿನದಿನದ ಊಟದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಎಂದು ಗ್ರೀಕ್ ಭಾಷೆಯವರು ಗೊಣಗಿದರು. ಅಪೊಸ್ತಲರು ಗೊಣಗಬೇಡಿ, ಪ್ರೀತಿಯಿಂದಿರಿ ಎಂದು ಪ್ರಸಂಗ ಮಾಡಿ ಕಳುಹಿಸಲಿಲ್ಲ. ಸಭೆಯನ್ನು ಕೂಡಿಸಿ, ನೀವೇ ಏಳು ಜನರನ್ನು ಆರಿಸಿ, ಹಂಚಿಕೆಯ ಹೊಣೆ ಅವರಿಗೆ ಕೊಡುತ್ತೇವೆ ಎಂದರು. ಆರಿಸಿದ ಏಳು ಹೆಸರುಗಳು ಅಲ್ಲಿವೆ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರಿಗೆ ಊಟ ತಪ್ಪುತ್ತಿತ್ತೋ ಅವರ ಕಡೆಯವರ ಕೈಗೇ ಸೌಟು ಕೊಟ್ಟರು ಎಂದಾಯಿತು.

ನಮ್ಮ ಸಭೆಯಲ್ಲಿ ಉಡುಪಿ, ಮಂಗಳೂರು ಕಡೆಯಿಂದ ಬಂದ ಹಳೆಯ ಕುಟುಂಬಗಳಿವೆ. ಆಫೀಸು ಕೆಲಸ, ಹಾಡಿನ ಗುಂಪು, ಖಜಾಂಚಿಯ ಪುಸ್ತಕ ಎಲ್ಲ ಬಹಳ ಕಾಲದಿಂದ ಅವರ ಕೈಯಲ್ಲಿತ್ತು. ಬೀದರ್, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಸಂಖ್ಯೆಯಲ್ಲಿ ಹೆಚ್ಚಾದರೂ ಹಿಂದಿನ ಬೆಂಚುಗಳಲ್ಲಿಯೇ ಉಳಿದರು. ಅವರ ಕನ್ನಡ ಕೇಳಿ ಮಕ್ಕಳು ನಗುತ್ತಿದ್ದರು, ದೊಡ್ಡವರು ತಡೆಯುತ್ತಿರಲಿಲ್ಲ. ಸಹಾಯನಿಧಿಯ ಹಂಚಿಕೆಯಲ್ಲಿ ತಕರಾರು ಎದ್ದ ವರ್ಷ ನಾವು ಐಕ್ಯದ ವಿಷಯವಾಗಿ ನಾಲ್ಕು ಪ್ರಸಂಗ ಕೇಳಿದೆವು, ಏನೂ ಬದಲಾಗಲಿಲ್ಲ. ಹಿಂದಿನ ಬೆಂಚಿನ ಇಬ್ಬರು ಹೆಂಗಸರನ್ನು ಸಹಾಯನಿಧಿಯ ಸಮಿತಿಗೆ ಸೇರಿಸಿ, ಪುಸ್ತಕವನ್ನು ಅವರ ಮುಂದೆ ತೆರೆದಿಟ್ಟ ಮೇಲೆ ಗೊಣಗಾಟ ಮೂರು ತಿಂಗಳಲ್ಲಿ ಕಡಿಮೆಯಾಯಿತು. ಮಕ್ಕಳ ನಗು ನಿಲ್ಲಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ಇನ್ನು ಕ್ಷಮೆ. ಇಲ್ಲಿ ಗೊಂದಲ ಬಹಳ. ಶಿಷ್ಯ ಪೇತ್ರನು ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಕೇಳಿದಾಗ ಯೇಸು ಏಳೆಪ್ಪತ್ತು ಸಾರಿ ಎಂದು ಹೇಳಿ, ಒಬ್ಬ ಸೇವಕನ ಕಥೆ ಹೇಳುತ್ತಾನೆ. ಅವನು ಅರಸನಿಗೆ ಕೊಡಬೇಕಾದದ್ದು ಹತ್ತು ಸಾವಿರ ತಲಾಂತು, ಜೊತೆಯ ಸೇವಕ ಅವನಿಗೆ ಕೊಡಬೇಕಾದದ್ದು ನೂರು ದಿನಾರಿ. ಒಂದು ದಿನಾರಿ ಎಂದರೆ ಒಂದು ದಿನದ ಕೂಲಿ, ಒಂದು ತಲಾಂತು ಎಂದರೆ ಸುಮಾರು ಆರು ಸಾವಿರ ದಿನಾರಿ. ಮೊದಲ ಸಾಲ ಆರು ಕೋಟಿ ದಿನಗಳ ಕೂಲಿ, ಯಾರೂ ತೀರಿಸಲಾಗದ್ದು. ಪ್ರಸಂಗಗಳಲ್ಲಿ ಎರಡನೆಯದನ್ನು ಪುಡಿಗಾಸು ಎಂದು ಹೇಳಿಬಿಡುತ್ತಾರೆ, ಅದು ಸರಿಯಲ್ಲ. ನೂರು ದಿನದ ಕೂಲಿ ಎಂದರೆ ನಾಕಾದಲ್ಲಿ ಬೆಳಿಗ್ಗೆ ಕೆಲಸಕ್ಕಾಗಿ ನಿಲ್ಲುವವನ ಮೂರು ತಿಂಗಳಿಗೂ ಮೀರಿದ ದುಡಿಮೆ, ಮನೆ ಬಾಡಿಗೆ, ಮಕ್ಕಳ ಫೀಸು. ನಮಗಾದ ನೋವು ಸಣ್ಣದೆಂದು ಯೇಸು ಹೇಳುತ್ತಿಲ್ಲ. ಅದನ್ನು ನಿಜವಾದ ನಷ್ಟವೆಂದೇ ಎಣಿಸಿ, ನಮಗೆ ಬಿಟ್ಟುಕೊಟ್ಟ ಸಾಲದ ಪಕ್ಕದಲ್ಲಿಟ್ಟು ನೋಡಲು ಹೇಳುತ್ತಾನೆ.

ಕ್ಷಮಿಸುವುದು, ಮತ್ತೆ ಕೂಡುವುದು, ಮತ್ತೆ ನಂಬುವುದು, ಇವು ಬೇರೆ ಬೇರೆ ಕೆಲಸಗಳು. ಕ್ಷಮಿಸಲು ಒಬ್ಬನು ಸಾಕು. ಕೂಡಲು ಇಬ್ಬರು ಬೇಕು. ನಂಬಲು ಕಾಲ ಬೇಕು. ಅದಕ್ಕಾಗಿಯೇ ಪೌಲನು ರೋಮಾಪುರದವರಿಗೆ ಬರೆಯುವಾಗ "ಸಾಧ್ಯವಾದರೆ", "ನಿಮ್ಮಿಂದಾಗುವ ಮಟ್ಟಿಗೆ" ಎಂಬ ಎರಡು ಮಿತಿಗಳನ್ನು ಹಾಕಿ ಎಲ್ಲರ ಸಂಗಡ ಸಮಾಧಾನದಿಂದಿರಿ ಎನ್ನುತ್ತಾನೆ. ಆದಿಕಾಂಡದ 33ನೆಯ ಅಧ್ಯಾಯದಲ್ಲಿ ಅಣ್ಣನಿಗೆ ಮೋಸ ಮಾಡಿ ಓಡಿಹೋಗಿದ್ದ ಯಾಕೋಬ ಇಪ್ಪತ್ತು ವರ್ಷಗಳ ಮೇಲೆ ಆ ಅಣ್ಣ ಏಸಾವನ ಎದುರಿಗೆ ಬಂದು ಏಳು ಸಾರಿ ಅಡ್ಡಬೀಳುತ್ತಾನೆ, ಏಸಾವ ಓಡಿಬಂದು ಅಪ್ಪಿಕೊಳ್ಳುತ್ತಾನೆ, ಇಬ್ಬರೂ ಅಳುತ್ತಾರೆ. ಆದರೆ ಅಣ್ಣ ಜೊತೆಯಲ್ಲಿ ಹೋಗೋಣ ಎಂದಾಗ ಯಾಕೋಬ ಬೇರೆ ದಾರಿ ಹಿಡಿದು ಸುಕ್ಕೋತಿಗೆ ಹೋಗುತ್ತಾನೆ. ಆ ಅಪ್ಪುಗೆ ಸುಳ್ಳಾಗಿರಲಿಲ್ಲ, ಬೇರೆ ಬೇರೆ ಊರಿನಲ್ಲಿ ಇರಬೇಕಾದದ್ದೂ ನಿಜವಾಗಿತ್ತು. ತಂದೆ ತೀರಿಕೊಂಡಾಗ ಇಬ್ಬರೂ ಸೇರಿ ಹೂಳಿದರು ಎಂದು 35ನೆಯ ಅಧ್ಯಾಯ ಹೇಳುತ್ತದೆ.

ಕ್ಷಮೆಯಿಂದ ಶಿಕ್ಷೆ ರದ್ದಾಗಬೇಕೆಂದೂ ಇಲ್ಲ. ಕೇರಳ ಮೂಲದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಬಡ ರೈತರನ್ನು ಬಡ್ಡಿಗೆ ಸಾಲ ಕೊಡುವವರ ಹಿಡಿತದಿಂದ ಬಿಡಿಸುವ ಕೆಲಸ ಮಾಡುತ್ತಿದ್ದವರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಅವರನ್ನು ಇರಿದು ಕೊಂದರು. ಕೆಲವು ವರ್ಷಗಳ ಬಳಿಕ, ಅವರ ಒಡಹುಟ್ಟಿದ ತಂಗಿ, ಅವರೂ ಸಿಸ್ಟರ್, ಜೈಲಿಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. ಅವನು ಆಗ ಶಿಕ್ಷೆ ಅನುಭವಿಸುತ್ತಿದ್ದ. ಕಾನೂನು ತನ್ನ ಕೆಲಸ ಮಾಡುತ್ತಿತ್ತು, ಆ ತಂಗಿ ತನ್ನ ಕೆಲಸ ಮಾಡಿದರು. 2017ರ ನವೆಂಬರಿನಲ್ಲಿ ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು, ಅಂದರೆ ಸಂತಪದವಿಗೆ ಮುಂಚಿನ ಮೆಟ್ಟಿಲಿಗೆ ಏರಿದವರೆಂದು, ಘೋಷಿಸಲಾಯಿತು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಗಂಡನಿಂದ ಹೊಡೆತ ತಿನ್ನುವ ಹೆಂಡತಿಗೆ, ದೊಡ್ಡವರಿಂದ ಹಿಂಸೆಗೊಳಗಾದ ಮಗುವಿಗೆ ಮತ್ತಾಯ 18ನ್ನು ತೋರಿಸಿ, ನೀನೇ ಒಬ್ಬಳೇ ಹೋಗಿ ಅವನ ಹತ್ತಿರ ಮಾತಾಡು ಎನ್ನುವುದು ಪಾಪ. ಎರಡೂ ಕೈ ಸೇರಿದರೆ ತಾನೇ ಚಪ್ಪಾಳೆ ಎಂಬ ಗಾದೆ ಅಲ್ಲಿ ಸುಳ್ಳು. ಆ ವಚನಗಳು ಸರಿಸಮಾನರಾದ ಸಹೋದರರಿಗೆ ಹೇಳಿದವು. ಅದೇ ಅಧ್ಯಾಯದ ಮೊದಲ ಭಾಗದಲ್ಲಿ, ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದು ಮೇಲು ಎಂದಿದೆ. ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನ ಪ್ರಕಾರ 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೇ ಅಪರಾಧ. ಸಭಾಪಾಲಕರಿಗೂ ಹಿರಿಯರಿಗೂ ಇದರಿಂದ ವಿನಾಯಿತಿಯಿಲ್ಲ. ಹೆಂಗಸರಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆಯಿದೆ. ಸಹಾಯವಾಣಿಯ ಸಂಖ್ಯೆಗಳು ಮಹಿಳೆಯರಿಗೆ 181, ಮಕ್ಕಳಿಗೆ 1098. ದೇವಾಲಯದ ಫಲಕದಲ್ಲಿ ಹಾಡುಗಳ ಸಂಖ್ಯೆಯ ಪಕ್ಕದಲ್ಲಿ ಇವನ್ನೂ ಬರೆಯಬೇಕೆಂದು ನಾನು ಕೇಳುತ್ತಲೇ ಇದ್ದೇನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಸಹೋದರರು ಕೋರ್ಟಿಗೆ ಹೋಗುವುದನ್ನು ಪೌಲ ಖಂಡಿಸುತ್ತಾನೆ ನಿಜ. ಆದರೆ ತನ್ನ ಜೀವಕ್ಕೆ ಅನ್ಯಾಯವಾಗುತ್ತಿದೆ ಎಂದು ಕಂಡಾಗ ಅದೇ ಪೌಲ ರೋಮಿನ ಚಕ್ರವರ್ತಿ ಕೈಸರನಿಗೆ ಮೇಲ್ಮನವಿ ಮಾಡಿಕೊಂಡ.

ಆ ಅಣ್ಣ ತಮ್ಮಂದಿರ ಕಥೆಗೆ ಬರುತ್ತೇನೆ. ನೋಟಿಸು ಬಂದ ಮೇಲೆ ನಾನೂ ಇನ್ನೊಬ್ಬ ಹಿರಿಯರೂ ಮೊದಲು ತಮ್ಮನ ಮನೆಗೆ ಹೋಗಿ, ಆ ಕ್ರಿಸ್ಮಸ್ ದಿನಕ್ಕಾಗಿ ಕ್ಷಮೆ ಕೇಳಿದೆವು. ಆಮೇಲೆ ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ, ಅವರವರ ಮನೆಯಲ್ಲಿ ಕುಳಿತು, ನಡುವೆ ಬಾಯಿ ಹಾಕದೆ ಕೇಳಿದೆವು. ಅದಕ್ಕೇ ಎರಡು ತಿಂಗಳು ಹಿಡಿಯಿತು. ಕೊನೆಗೆ ಒಂದು ಶನಿವಾರ ಸಂಜೆ ದೇವಾಲಯದ ಹಿಂದಿನ ಕೋಣೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತೆವು. ತಮ್ಮ ಒಂದು ಫೈಲು ತಂದಿದ್ದ, ಆಸ್ಪತ್ರೆಯ ಬಿಲ್ಲುಗಳು. ಅಣ್ಣ ಒಟ್ಟು ಎಷ್ಟು ಎಂದು ಕೇಳಿದ. ತಮ್ಮ ಒಟ್ಟು ಹೇಳಲಿಲ್ಲ. "ಅಣ್ಣಾ, ಒಂದೊಂದಾಗಿ ನೋಡು" ಎಂದ.

ಅಣ್ಣ ಕನ್ನಡಕ ಹಾಕಿಕೊಂಡು ನೋಡತೊಡಗಿದರು. ಔಷಧಿ ಅಂಗಡಿಯ ಚೀಟಿಗಳಲ್ಲಿ ಶಾಯಿ ಮಾಸಿಹೋಗಿತ್ತು, ಬೆಳಕಿಗೆ ಹಿಡಿದು ಓದಬೇಕಾಗಿತ್ತು. ಚಹಾ ಆರಿಹೋಯಿತು. ಅರ್ಧ ಗಂಟೆ ಕಳೆದಿರಬೇಕು, ಒಂದು ಬಿಲ್ಲಿನ ತಾರೀಖಿನ ಮೇಲೆ ಅವರ ಬೆರಳು ನಿಂತಿತು. ಅದು ಅವರ ಮಗಳ ನಿಶ್ಚಿತಾರ್ಥದ ದಿನ. ಅಂದು ತಮ್ಮ ಊಟಕ್ಕೆ ಕೂರದೆ ಹೊರಟುಹೋಗಿದ್ದ, ಹೊಟ್ಟೆಕಿಚ್ಚಿನಿಂದ ಹೋದ ಎಂದು ಮನೆಯಲ್ಲಿ ಎಲ್ಲರೂ ಹೇಳಿಕೊಂಡಿದ್ದರು. ಬಿಲ್ಲಿನಲ್ಲಿ ರಾತ್ರಿ ಒಂಬತ್ತು ಗಂಟೆಗೆ ರಕ್ತ ಕೊಡಿಸಿದ ಲೆಕ್ಕವಿತ್ತು. ಅಣ್ಣ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಅಪ್ಪನನ್ನು ನೋಡಲು ನಾನು ಬರಬಹುದಿತ್ತು, ಬರಲಿಲ್ಲ. ಕಾಗದ ಮಾಡಿಸುವಾಗ ನಿನಗೆ ಹೇಳಬೇಕಾಗಿತ್ತು, ಹೇಳಲಿಲ್ಲ" ಎಂದರು. ಅಲ್ಲಿಗೆ ನಿಲ್ಲಿಸಿದರು.

ಹಣದ ಮಾತು ಅದರ ಮುಂದಿನ ಮೂರು ಭೇಟಿಗಳಲ್ಲಿ ಬಗೆಹರಿದು, ವಕೀಲರ ಮುಂದೆ ಬರಹಕ್ಕೆ ಬಂತು. ತಮ್ಮ ತಾನು ಅಣ್ಣನ ವಿಷಯವಾಗಿ ನೆಂಟರ ಮನೆಗಳಲ್ಲಿ ಆಡಿದ ಮಾತುಗಳನ್ನು ತಾನೇ ಹೋಗಿ ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿದ. ಎರಡು ಮನೆಗೆ ಹೋಗಿದ್ದಾನೆ, ಇನ್ನೂ ಮೂರು ಉಳಿದಿವೆ.

ಮನೆಯ ಹೆಂಗಸರು ಇನ್ನೂ ಮಾತಾಡುತ್ತಿಲ್ಲ. ನಿಶ್ಚಿತಾರ್ಥದ ದಿನ ಹೊಟ್ಟೆಕಿಚ್ಚು ಎಂದ ಮಾತನ್ನು ತಮ್ಮನ ಹೆಂಡತಿ ಸ್ವತಃ ಕೇಳಿಸಿಕೊಂಡಿದ್ದರು. ಅಣ್ಣನ ಹೆಂಡತಿ ಕಳೆದ ವಾರ ನನ್ನ ಹೆಂಡತಿಗೆ ಫೋನು ಮಾಡಿ, ಡೊಂಬಿವಲಿಯ ತಮ್ಮನ ಮನೆಗೆ ಒಬ್ಬಳೇ ಹೋಗಲು ಧೈರ್ಯವಾಗುತ್ತಿಲ್ಲ, ಬಾಗಿಲ ತನಕ ಬರುತ್ತೀರಾ ಎಂದು ಕೇಳಿದರು. ಶನಿವಾರ ಮಧ್ಯಾಹ್ನದ ಗಾಡಿಗೆ ಇಬ್ಬರೂ ಹೋಗುತ್ತಾರೆ. ನನ್ನ ಹೆಂಡತಿ ಕೆಳಗೆ ಕಟ್ಟಡದ ಗೇಟಿನ ಹತ್ತಿರ ಕಾಯುತ್ತಾಳೆ.